ಲಿಫ್ಟಿನವನ ಮೆಟ್ಟಿಲು

ಮೂವತ್ತನಾಲ್ಕು ವರ್ಷ
ಒಂದು ಸ್ಟೂಲಿನ ಮೇಲೆ ಕೂತು
ನಾನು ಬೆಂಗಳೂರನ್ನು ಮೇಲೆತ್ತಿದೆ.
ಕೆ.ಜಿ. ರಸ್ತೆಯ ಒಂಬತ್ತು ಮಹಡಿಯ ಕಚೇರಿ,
ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿ.
ಗುಮಾಸ್ತರು, ವಕೀಲರು, ಅರ್ಜಿ ಹಿಡಿದವರು, ಟೀ ತಟ್ಟೆ,
ಒಮ್ಮೆ ಜಪ್ತಿಯಾದ ಒಂದು ಹೊಲಿಗೆ ಯಂತ್ರ.
ದಿನಕ್ಕೆ ನೂರು ಸಲ ಮೇಲೆ ಹೋದವನ ಕಾಲು
ಒಂದು ಮೆಟ್ಟಿಲನ್ನೂ ತುಳಿದಿರಲಿಲ್ಲ.

ಬಡ್ತಿ ಸಿಕ್ಕವರು ಮೈಸೂರು ಪಾಕು ಕೊಟ್ಟರು,
ಮಗು ಹುಟ್ಟಿದವರು ಪೇಡೆ,
ವರ್ಗಾವಣೆ ರದ್ದಾದವರು ಎರಡೆರಡು ಜಹಾಂಗೀರು.
ಬಾಗಿಲು ತೆಗೆದವನಿಗೆ ಬಾಯಿ ಸಿಹಿ.

ನಿವೃತ್ತಿಯಾದ ಎರಡನೇ ವರ್ಷ
ಕಲಾಸಿಪಾಳ್ಯದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಶಾಹಿಸ್ತಾ
ಚೀಟಿ ನೋಡಿ ಅಂದರು:
ಮೂರು ತಿಂಗಳ ಸರಾಸರಿ, ಒಂಬತ್ತು.
‘ಕೊನೇ ಮಹಡಿ’ ಅಂದೆ, ಅಭ್ಯಾಸಬಲ.
ಅವರು ನಗಲಿಲ್ಲ. ಕುರ್ಚಿ ತೋರಿಸಿದರು.
‘ಕೈ ಊರದೆ ಏಳಿ, ಕೂರಿ. ಅರ್ಧ ನಿಮಿಷ.’
ಏಳು ಸಲ.
ಎಂಟನೆಯದಕ್ಕೆ ತೊಡೆ, ಕರೆಂಟು ಹೋದ ಲಿಫ್ಟಿನ ಹಾಗೆ
ಎರಡು ಮಹಡಿಯ ನಡುವೆ ನಿಂತುಬಿಟ್ಟಿತು.

‘ಮುನಿಚಿನ್ನಪ್ಪನವರೇ,
ಉಂಡದ್ದೆಲ್ಲ ಸಕ್ಕರೆಯಾಗಿ
ನೆತ್ತರ ಪಡಸಾಲೆಯಲ್ಲಿ ಸಾಲು ನಿಂತಿದೆ.
ಬಾಗಿಲು ತೆಗೆದು ಒಳಗೆ ಬಿಡುವವನೊಬ್ಬನಿದ್ದಾನೆ, ಇನ್ಸುಲಿನ್.
ನಿಮ್ಮದೇ ಕೆಲಸದವನು.
ಅವನು ದಣಿದಿದ್ದಾನೆ. ಬಾಗಿಲಿಗೂ ತುಕ್ಕು.’
ಮತ್ತೆ? ಅಂದೆ.
‘ಮೆಟ್ಟಿಲಿದೆಯಲ್ಲ.
ಕಾಲಿನ ಮಾಂಸಖಂಡ ದುಡಿದರೆ
ತಾನೇ ಹಿಂಬಾಗಿಲು ತೆಗೆದುಕೊಳ್ಳುತ್ತೆ,
ಅವನ ಅಪ್ಪಣೆ ಕಾಯದೆ.’

ಆ ರಾತ್ರಿ ನಿದ್ದೆ ಹತ್ತಲಿಲ್ಲ.
ನನ್ನೊಳಗೂ ಒಬ್ಬ
ಸ್ಟೂಲಿನ ಮೇಲೆ, ಹಗಲೂ ರಾತ್ರಿ,
ರಜೆಯಿಲ್ಲ, ಒಂದು ತುಂಡು ಮೈಸೂರು ಪಾಕೂ ಇಲ್ಲ.
ಪಾಪ ಅನ್ನಿಸಿತು.

ತಂಗಿ ಗಂಗಹನುಮಕ್ಕ ತಟ್ಟೆಯ ಸರದಿ ಬದಲಿಸಿದಳು:
ಮೊದಲು ದಂಟಿನ ಸೊಪ್ಪು, ಆಮೇಲೆ ಮೊಳಕೆ ಹುರುಳಿ, ಮೊಟ್ಟೆ,
ಮುದ್ದೆ ಕೊನೆಗೆ, ಅದೂ ನಿಂಬೆಗಿಂತ ಚೂರು ದಪ್ಪ.
‘ರಾಗಿ ತಿಂದವನು ನಿರೋಗಿ ಅಂತಾರಲ್ಲೇ’ ಅಂದೆ.
‘ತಿಂದು ಹೊಲ ಉತ್ತವನಿಗೆ ಹೇಳಿದ್ದು ಕಣಣ್ಣ,
ಸ್ಟೂಲು ಕಾದವನಿಗಲ್ಲ.’
ಅವರೆ ಕಾಲದಲ್ಲಿ ಮಾತ್ರ ಅವಳೂ ಸೋತಳು.
ಹಿತಕಿದ ಬೇಳೆ ಸಾರಿನ ಸೊಗಡಿಗೆ ಎರಡನೇ ಸಲ ಬಡಿಸಿಕೊಂಡೆ;
ಆಮೇಲೆ ಬೀದಿ ಕೊನೆಯವರೆಗೆ ಎರಡು ಸಲ ನಡೆದೆ,
ಕೈಗಡ ತೀರಿಸುವವನ ಹಾಗೆ.

ಈಚಿನ ಚೀಟಿ: ಏಳು ಪಾಯಿಂಟ್ ಒಂದು.
ಇನ್ನೂ ಇಳಿಯಬೇಕು.
ಇಳಿಯೋಕೆ ಹತ್ತಬೇಕು, ಇದೆಂಥ ಲಿಫ್ಟೋ.

ನವೆಂಬರಿನಲ್ಲಿ, ಬದುಕಿದ್ದೇನೆ ಅಂತ
ಪಿಂಚಣಿಯವರಿಗೆ ಪುರಾವೆ ಕೊಡಬೇಕು.
ಅದೇ ಕಟ್ಟಡ, ಆರನೇ ಮಹಡಿ.
ಲಿಫ್ಟಿಗೆ ಈಗ ಆಳಿಲ್ಲ;
ಮುಖವಿಲ್ಲದ ಒಂದು ಹೆಣ್ಣುದನಿ
ಇಂಗ್ಲಿಷಿನಲ್ಲಿ ಮಹಡಿ ಹೇಳುತ್ತದೆ.
ನಾನು ಎಡಕ್ಕೆ ತಿರುಗಿದೆ.

ಒಂದು. ಮೊಣಕಾಲು ಬೈಯಿತು.
ಎರಡು. ಎಲೆಯಡಿಕೆ ಉಗುಳಿದ ಗೋಡೆ,
ಉಗುಳದಿರಲಿ ಅಂತ ಮೂಲೆಯಲ್ಲಿ ಕೂರಿಸಿದ ದೇವರ ಟೈಲ್ಸು.
ಮೂರು. ಉಸಿರು ಕಂಬಿ ಹಿಡಿಯಿತು.
ನಾಲ್ಕರ ತಿರುವಿನಲ್ಲಿ ಕಿಟಕಿ.
ಇದೇ ಗೋಡೆಯ ಈಚೆಗೆ ಅಷ್ಟು ವರ್ಷ ಇದ್ದೆ, ನೋಡಿರಲಿಲ್ಲ:
ಸಜ್ಜೆಯ ಬಿರುಕಿನಲ್ಲಿ ಅರಳಿ ಸಸಿ,
ಅದರಾಚೆ ಎಲೆಯೇ ಇಲ್ಲದೆ ಗುಲಾಬಿ ಬಣ್ಣಕ್ಕೆ ಹೂಬಿಟ್ಟ ಮರ,
ಕೆಳಗೆ ಹಾರ್ನು ಹೊಡೆಯುವ ಬಸ್ಸುಗಳ ನೆತ್ತಿ.
ಕೂರೋಣ ಅನ್ನಿಸಿತು. ನಿಂತೇ ಸುಧಾರಿಸಿಕೊಂಡೆ.

ಆರು.
ಹುಡುಗಿ ಯಂತ್ರ ಮುಂದೆ ಸರಿಸಿದಳು, ಹೆಬ್ಬೆರಳು ಒತ್ತಿದೆ.
ಬರಲಿಲ್ಲ. ಒರೆಸಿ ಒತ್ತಿದೆ. ಊಹೂಂ.
ಹಿತ್ತಾಳೆ ಹಿಡಿ ತಿರುಗಿಸಿ ತಿರುಗಿಸಿ ರೇಖೆ ಸವೆದಿದೆ.
‘ತಗೊಳ್ತಿಲ್ಲ ತಾತ. ಸೋಮವಾರ ಬನ್ನಿ.’
ಎದೆ ಮಾತ್ರ ಡಬಡಬ ಬಡಿಯುತ್ತಿತ್ತು,
ಪಕ್ಕದ ಮೇಜಿಗೂ ಕೇಳುವಷ್ಟು.

‘ಆಗಲಮ್ಮ’ ಅಂದೆ,
‘ಸೋಮವಾರಾನೂ ಬರ್ತೀನಿ.’